13–12 ಎಲ್ಲಿ ಹೋಯ್ತು ಸ್ವಾಮಿ?

ನಮಸ್ಕಾರ. ನಿಮ್ ಲೇಖನ ಬಂದು ಮೂರು ವಾರ ಆಯ್ತು, ಉತ್ತರ ತಡ ಆಗಿದೆ, ಬೇಜಾರ್ ಮಾಡ್ಕೋಬೇಡಿ. ಮೊದಲ್ನೇ ಸಲ ಓದಿ ಪಕ್ಕಕ್ಕಿಟ್ಟೆ. ಎರಡ್ನೇ ಸಲ ಓದ್ದಾಗ ಸಿಟ್ಟು ಬಂತು. ಮೂರ್ನೇ ಸಲ ಓದಕ್ಕೆ ಅಂತ ಕೂತವನು ಲೇಖನ ಬಿಟ್ಟು ಆ ಮನುಷ್ಯನ ಹಿಂದೆ ಬಿದ್ದು ರಾತ್ರಿ ಒಂದು ಗಂಟೆ ತನಕ ಹುಡುಕಾಡ್ತಾ ಇದ್ದೆ, ಮನೇಲಿ ಬೈಸ್ಕೊಂಡೆ. ಅಂದ್ರೆ ನೀವು ಹಿಡಿದಿರೋ ಮೀನು ದೊಡ್ಡದೇ. ಆದ್ರೆ ಅದನ್ನ ದಡಕ್ಕೆ ತಂದು ಮತ್ತೆ ನೀರಿಗೇ ಬಿಟ್ಟಿದೀರಿ, ಅದೇ ನನ್ ಸಂಕಟ. ನಮಗೆ ಬರೆಯೋ ಬೇರೆ ಹುಡುಗ ಹುಡುಗೀರಿಗೂ ಉಪಯೋಗ ಆಗ್ಬಹುದು ಅಂತ ನಿಮ್ಮ ಹೆಸರು ತೆಗೆದು ಈ ಉತ್ತರ ಇಲ್ಲೇ ಹಾಕ್ತಿದೀನಿ.

ಓದೋರಿಗೆ ಗೊತ್ತಾಗ್ಲಿ ಅಂತ ಒಂದೆರಡು ಮಾತು. ಇವರು ನ್ಯೂಜೆರ್ಸಿಯಲ್ಲಿ ಕೆಲಸ ಮಾಡೋ ನಮ್ಮ ಕನ್ನಡದ ಹುಡುಗ. ಒಂದು ಶನಿವಾರ ಕಾರ್ ತಗೊಂಡು ಹಡ್ಸನ್ ನದಿ ದಂಡೆಲಿರೋ ವೆಸ್ಟ್ ಪಾಯಿಂಟ್‌ಗೆ ಹೋಗಿದಾರೆ. ಅಮೆರಿಕದ ಸೈನ್ಯದ ಅಧಿಕಾರಿಗಳನ್ನ ತಯಾರು ಮಾಡೋ ಕಾಲೇಜು ಅದು, 1802ರಲ್ಲಿ ಶುರುವಾಗಿದ್ದು. ಅಲ್ಲಿಂದ ಬಂದು ಗ್ಯಾರಿಸನ್ ಡೇವಿಡ್ಸನ್ ಅನ್ನೋರ ಬಗ್ಗೆ "ಕ್ರೀಡಾಂಗಣದಿಂದ ರಣಾಂಗಣಕ್ಕೆ" ಅಂತ ಲೇಖನ ಬರೆದು ಕಳಿಸಿದಾರೆ. ಡೇವಿಡ್ಸನ್ ಅಲ್ಲೇ ಓದಿ, ಅಲ್ಲೇ ಫುಟ್‌ಬಾಲ್ ಆಡಿ, ಅಲ್ಲೇ ಕೋಚ್ ಆಗಿ, ಎರಡು ಯುದ್ಧ ನೋಡ್ಕೊಂಡು ಬಂದು, 1956ರಿಂದ 1960ರ ತನಕ ಅದೇ ಕಾಲೇಜಿನ ಮುಖ್ಯಸ್ಥ ಆಗಿದ್ದವರು.

ಮೊದಲು ಒಳ್ಳೇದು. ಅಲ್ಪಪ್ರಾಣ ಮಹಾಪ್ರಾಣ ಸರಿಯಾಗಿದೆ, ಈಗಿನ ಕಾಲಕ್ಕೆ ಅದೇ ಪುಣ್ಯ. ಇಸವಿಗಳನ್ನ ನಾನು ತಾಳೆ ನೋಡ್ದೆ, ತಪ್ಪಿಲ್ಲ. ಕನ್ನಡದಲ್ಲಿ ಯಾರೂ ಬರೀದೇ ಇರೋ ಮನುಷ್ಯನ್ನ ಆರಿಸ್ಕೊಂಡಿದೀರಿ. ಹೊಗಳಿಕೆ ಮುಗೀತು.

ಈಗ ನಿಮ್ಮ ಎರಡನೇ ಪ್ಯಾರಾ. ಪೂರ್ತಿ ಹಾಕ್ತೀನಿ, ನೀವೇ ಇನ್ನೊಂದ್ ಸಲ ಓದ್ಕೊಳ್ಳಿ:

"1904ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಜನಿಸಿದ ಡೇವಿಡ್ಸನ್ ಬಾಲ್ಯದಿಂದಲೇ ಕ್ರೀಡೆಯಲ್ಲಿ ಅಪಾರ ಆಸಕ್ತಿ ಹೊಂದಿದ್ದರು. ವೆಸ್ಟ್ ಪಾಯಿಂಟ್ ಸೇರಿ ಫುಟ್‌ಬಾಲ್ ಆಟದಲ್ಲಿ ಮಿಂಚಿದರು. 1927ರಲ್ಲಿ ಪದವಿ ಪಡೆದ ನಂತರ ಅವರು ಹಿಂತಿರುಗಿ ನೋಡಲೇ ಇಲ್ಲ. 1933ರಿಂದ 1937ರವರೆಗೆ ಮುಖ್ಯ ತರಬೇತುದಾರರಾಗಿ 35 ಪಂದ್ಯಗಳಲ್ಲಿ ಜಯಭೇರಿ ಬಾರಿಸಿ, ಕೇವಲ 11ರಲ್ಲಿ ಸೋತು, ಒಂದನ್ನು ಡ್ರಾ ಮಾಡಿಕೊಂಡು ಅಪ್ರತಿಮ ಸಾಧನೆ ಮೆರೆದರು. ಛಲಬಿಡದ ತ್ರಿವಿಕ್ರಮನಂತೆ ಮುನ್ನಡೆದ ಈ ಎಲೆಮರೆಯ ಕಾಯಿ ಮುಂದೆ ಅದೇ ಸಂಸ್ಥೆಯ ಚುಕ್ಕಾಣಿ ಹಿಡಿದರು."

ಒಂದೊಂದೇ ಸಾಲು ನೋಡಣ.

"ಬಾಲ್ಯದಿಂದಲೇ ಅಪಾರ ಆಸಕ್ತಿ". ಯಾರು ಹೇಳಿದ್ದು? ಬ್ರಾಂಕ್ಸ್‌ನ ಗಲ್ಲಿಲಿ ಆ ಹುಡುಗ ಏನಾಡ್ತಿದ್ದ, ಗೊತ್ತಾ ನಿಮಗೆ? ಗೊತ್ತಿಲ್ಲ ಅಂದ್ರೆ ಬಿಟ್ಬಿಡಿ, ಯಾರೂ ಕೇಳಲ್ಲ. ಈ ಸಾಲನ್ನ ಯಾರ ಜೀವನಚರಿತ್ರೆಗೆ ಬೇಕಾದ್ರೂ ಅಂಟಿಸ್ಬಹುದು, ಸಂಗೀತದೋರಿಗೆ ಸಂಗೀತದಲ್ಲಿ ಅಪಾರ ಆಸಕ್ತಿ, ರಾಜಕೀಯದೋರಿಗೆ ಸಮಾಜಸೇವೇಲಿ ಅಪಾರ ಆಸಕ್ತಿ, ನಮ್ಮಲ್ಲಿ ಬಾಲ್ಯದಿಂದ ಆಸಕ್ತಿ ಇಲ್ದೇ ಇರೋ ಸಾಧಕರೇ ಹುಟ್ಟಿಲ್ಲ.

"ಫುಟ್‌ಬಾಲ್ ಆಟದಲ್ಲಿ ಮಿಂಚಿದರು". ಯಾವ ಫುಟ್‌ಬಾಲ್? ನೀವು ಅಲ್ಲಿ ಹತ್ತು ವರ್ಷದಿಂದ ಇದ್ದೀರಿ, ನಿಮಗೆ ಫುಟ್‌ಬಾಲ್ ಅಂದ್ರೆ ಕೈಲಿ ಹಿಡ್ಕೊಂಡು ಓಡೋದು, ಹೆಲ್ಮೆಟ್ಟು, ಗುದ್ದಾಟ. ಇಲ್ಲಿ ಹಾಸನದಲ್ಲೋ ಗದಗದಲ್ಲೋ ಓದೋನಿಗೆ ಫುಟ್‌ಬಾಲ್ ಅಂದ್ರೆ ಕಾಲಲ್ಲಿ ಒದ್ಯೋದು. ಅವನು ನಿಮ್ಮ ಲೇಖನದ ಕೊನೇ ತನಕ ಡೇವಿಡ್ಸನ್ ಗೋಲ್ ಹೊಡೀತಾ ಇದ್ದಾರೆ ಅಂತ್ಲೇ ಅಂದ್ಕೊಂಡಿರ್ತಾನೆ, ಪಾಪ. ಒಂದೇ ಒಂದು ಸಾಲು ಸಾಕಿತ್ತು ಬಿಡಿಸಿ ಹೇಳಕ್ಕೆ. ಅವರು ಆಡ್ತಿದ್ದ ಜಾಗ ಎಂಡ್, ಸಾಲಿನ ತುದೀಲಿ ನಿಲ್ಲೋನು, ಅದನ್ನಾದ್ರೂ ಹೇಳ್ಬಹುದಿತ್ತು. ಅವರು ಕೆಡೆಟ್ ಆಗಿದ್ದಾಗ, 1924ರಲ್ಲಿ, ಅಲ್ಲಿ ಮೈಕೀ ಸ್ಟೇಡಿಯಂ ಶುರುವಾಯ್ತು. ನೀವು ಅದೇ ಸ್ಟೇಡಿಯಂ ಗೇಟ್ ಹತ್ರ ನಿಂತು ಸೆಲ್ಫಿ ತಗೊಂಡಿದೀರಿ, ನನಗೂ ಕಳಿಸಿದೀರಿ, ಲೇಖನದಲ್ಲಿ ಮಾತ್ರ ಅದರ ಸುಳಿವೇ ಇಲ್ಲ. ಅದು ಬಿಟ್ಟು "ಮಿಂಚಿದರು". ಬಲ್ಬು ಮಿಂಚುತ್ತೆ ಕಣ್ರೀ.

"ಹಿಂತಿರುಗಿ ನೋಡಲೇ ಇಲ್ಲ". ಇಲ್ಲೇ ನನಗೆ ತಲೆ ಕೆಟ್ಟಿದ್ದು. ಈ ಸಾಲು ಹಳಸಿದೆ ಅಂತಲ್ಲ, ಹಳಸಿರೋದು ನಮ್ಮ ಪತ್ರಿಕೆಲೂ ವಾರಕ್ಕೆ ಮೂರ್ ಸಲ ಬರುತ್ತೆ, ನನ್ ಕೈ ತಪ್ಪಿ. ಈ ಮನುಷ್ಯನ ವಿಷಯದಲ್ಲಿ ಇದು ಸುಳ್ಳು, ಅದಕ್ಕೆ ಸಿಟ್ಟು. ಇವರ ಇಡೀ ಜೀವನ ಹಿಂತಿರುಗಿದ್ದೇ ಅಲ್ವಾ? 1927ರಲ್ಲಿ ಗೇಟ್ ದಾಟಿ ಹೊರಗ್ ಹೋದ್ರು, 1933ರ ಹೊತ್ತಿಗೆ ಅದೇ ಜಾಗದಲ್ಲಿ ಕೋಚ್. ಆಮೇಲೆ ಹೋದ್ರು, ಎರಡನೇ ಮಹಾಯುದ್ಧದಲ್ಲಿ ಜನರಲ್ ಪ್ಯಾಟನ್ ಕೈಕೆಳಗೆ ಸಿಸಿಲಿಯಲ್ಲಿ ಎಂಜಿನಿಯರ್ ಆದ್ರು, ಕೊರಿಯಾ ನೋಡಿದ್ರು, 1956ರಲ್ಲಿ ಮತ್ತೆ ಅದೇ ಗೇಟು. ಹಿಂತಿರುಗಿ ನೋಡೋದಷ್ಟೇ ಅಲ್ಲ, ಹಿಂತಿರುಗಿ ಬಂದು ಕುರ್ಚಿ ಹಾಕ್ಕೊಂಡು ಕೂತರು.

ಅದಕ್ಕಿಂತ ಮಜಾ ಏನಂದ್ರೆ ಎರಡೇ ಸಾಲು ಕೆಳಗೆ "ಛಲಬಿಡದ ತ್ರಿವಿಕ್ರಮ" ಬಂದಿದಾನೆ. ಈ ತ್ರಿವಿಕ್ರಮ ಯಾರು ಅಂತ ಬರೆಯೋವಾಗ ಒಂದ್ ಕ್ಷಣ ನೆನಪಾಯ್ತಾ ನಿಮಗೆ? ಬೇತಾಳನ ಕಥೆಯೋನು. ಅವನ ಕಸುಬೇ ಹಿಂತಿರುಗೋದು! ಬೇತಾಳ ಹಾರಿ ಹೋಗಿ ಮರಕ್ಕೆ ನೇತಾಕ್ಕೊಂಡಷ್ಟೂ ಸಲ ಅದೇ ಮರಕ್ಕೆ ವಾಪಸ್ ಹೋಗಿ ಹೆಣ ಇಳಿಸಿ ಹೆಗಲಿಗೆ ಹಾಕ್ಕೊಳ್ಳೋನು. ಒಂದೇ ಪ್ಯಾರಾದಲ್ಲಿ ಹಿಂತಿರುಗಿ ನೋಡದೋನೂ ಇದಾನೆ, ದಿನಾ ಹಿಂತಿರುಗೋನೂ ಇದಾನೆ, ಇಬ್ರೂ ಒಬ್ಬನೇ ಅಂತ ಬೇರೆ. ನಿಮಗೆ ಗೊತ್ತಿಲ್ದೇನೇ ಸರಿಯಾದ ಉಪಮೆ ಕೈಗೆ ಸಿಕ್ಕಿತ್ತು ಮಾರಾಯ್ರೆ. ಡೇವಿಡ್ಸನ್ ನಿಜವಾಗ್ಲೂ ತ್ರಿವಿಕ್ರಮನೇ, ಮರ ವೆಸ್ಟ್ ಪಾಯಿಂಟು, ಹೆಗಲ ಮೇಲಿನ ಬೇತಾಳ ಯಾರು ಅಂತ ಆಮೇಲೆ ಹೇಳ್ತೀನಿ. ನೀವು ಅದನ್ನ ಉಪಮೆ ಅಂತ ಬರೀಲಿಲ್ಲ, ಮದುವೆ ಮನೇಲಿ ಎಲೆ ಮೇಲೆ ಉಪ್ಪು ಹಾಕ್ಕೊಂಡ್ ಹೋಗೋ ಥರ ಹಾಕ್ಕೊಂಡ್ ಹೋದ್ರಿ.

ಇನ್ನು "ಎಲೆಮರೆಯ ಕಾಯಿ". ಸೈನ್ಯದಲ್ಲಿ ಜನರಲ್ ಆಗಿದ್ದೋರು, ಆ ಕಾಲಕ್ಕೆ ಅಮೆರಿಕದ ಪೇಪರ್‌ನೋರೆಲ್ಲ ಬರೀತಿದ್ದ ಟೀಮಿನ ಕೋಚು. ಯಾವ ಎಲೆ, ಯಾವ ಕಾಯಿ. ನಮಗೆ ಗೊತ್ತಿರ್ಲಿಲ್ಲ ಅಂದ್ ಮಾತ್ರಕ್ಕೆ ಅವರು ಎಲೆಮರೆಗೆ ಹೋಗ್ಬಿಡ್ತಾರಾ?

ಉಳಿದಿದ್ದು "ಕೇವಲ 11". ಈ ಕೇವಲ ಅನ್ನೋ ಪದ ನನ್ನನ್ನ ಮೂರ್ ವಾರದಿಂದ ಕಾಡ್ತಾ ಇದೆ. ಸೋತೋನಿಗೆ ಯಾವ ಸೋಲೂ ಕೇವಲ ಅಲ್ಲ. ಆ ಹನ್ನೊಂದರಲ್ಲಿ ಒಂದು 1934ರಲ್ಲಿ ನೇವಿ (ನೌಕಾಪಡೆ ಕಾಲೇಜಿನ ಟೀಮು) ಎದುರು, ಫಿಲಡೆಲ್ಫಿಯಾದ ಕೆಸರಲ್ಲಿ, 3–0. ಇಡೀ ಆಟಕ್ಕೆ ಮೂರು ಪಾಯಿಂಟಿನ ಒಂದೇ ಒಂದು ಕಿಕ್. ನೇವಿಯೋರು ಆರ್ಮಿ (ವೆಸ್ಟ್ ಪಾಯಿಂಟ್ ಟೀಮಿಗೆ ಅದೇ ಹೆಸರು) ಮೇಲೆ ಗೆದ್ದು ಹದಿಮೂರು ವರ್ಷ ಆಗಿತ್ತು. ಒದ್ದ ಹುಡುಗ ಸ್ಲೇಡ್ ಕಟ್ಟರ್ ಮುಂದೆ ಯುದ್ಧದಲ್ಲಿ ಸಬ್‌ಮರೀನ್ ಕಮಾಂಡರ್ ಆಗಿ ಹೆಸರು ಮಾಡ್ದೋನು. ಅದು ಹಾಗಿರ್ಲಿ, ಅದಕ್ಕಿಂತ ಒಂದು ವರ್ಷ ಹಿಂದಿನದ್ದಕ್ಕೆ ಬರ್ತೀನಿ.

ನೀವು ಅದನ್ನ ಬರೆದಿಲ್ಲ ಅಂತಲ್ಲ, ಬರೆದಿದೀರಿ. ನಾಲ್ಕನೇ ಪುಟದಲ್ಲಿ, ಹೀಗೆ: "ಮೊದಲ ಋತುವಿನಲ್ಲಿ ನೋಟರ್ ಡೇಮ್ ವಿರುದ್ಧದ ಅಲ್ಪ ಅಂತರದ ಸೋಲೊಂದನ್ನು ಹೊರತುಪಡಿಸಿ ಎಲ್ಲಾ ಪಂದ್ಯಗಳನ್ನೂ ಗೆದ್ದರು". ಹೊರತುಪಡಿಸಿ! ಇಡೀ ಲೇಖನದಲ್ಲಿ ಹೊರತುಪಡಿಸಬಾರದ್ದು ಅಂತ ಏನಾದ್ರೂ ಇದ್ರೆ ಅದೊಂದೇ, ಅದನ್ನೇ ಹೊರತುಪಡಿಸಿಬಿಟ್ರಲ್ಲ.

ನಾನು ರಾತ್ರಿ ಒಂದು ಗಂಟೆ ತನಕ ಓದಿದ್ದು ಅದನ್ನೇ. ಕೋಚ್‌ಗೆ 29 ವರ್ಷ. ಸೈನ್ಯದಲ್ಲಿ ಬರೀ ಲೆಫ್ಟಿನೆಂಟು. ಆಗ ವೆಸ್ಟ್ ಪಾಯಿಂಟ್‌ನಲ್ಲಿ ಹೆಡ್ ಕೋಚ್ ಅಂದ್ರೆ ಹಾಲಿ ಸೇನಾಧಿಕಾರಿನೇ ಆಗಿರ್ಬೇಕಿತ್ತು, ಅದೂ ಒಂದು ಪೋಸ್ಟಿಂಗು, ಕೆಲವು ವರ್ಷ ಇದ್ದು ಬೇರೆ ಕಡೆ ಹೋಗ್ತಿರ್ಬೇಕು, ನಮ್ಮ ತಹಶೀಲ್ದಾರ್‌ಗಳ ಥರ. ಆ ವರ್ಷ ಟೀಮು ಒಂಬತ್ತು ಆಟ ಆಡಿ ಒಂಬತ್ತೂ ಗೆದ್ದಿತ್ತು, ನೇವಿನೂ ಸೇರಿ. ಉಳಿದಿದ್ದು ಒಂದೇ ಒಂದು, ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂನಲ್ಲಿ ನೋಟರ್ ಡೇಮ್ ಅನ್ನೋ ಯೂನಿವರ್ಸಿಟಿ ಟೀಮಿನ ಮೇಲೆ. ಎದುರಿನ ಟೀಮಿಗೆ ಆ ವರ್ಷ ಶನಿ ಹಿಡಿದಿತ್ತು, ಅಲ್ಲಿ ತನಕ ಬರೀ ಎರಡು ಗೆಲುವು. ಆರ್ಮಿಯೋರು ಎರಡು ಟಚ್‌ಡೌನ್ ಮಾಡಿದ್ರು, 12–0. ಟಚ್‌ಡೌನ್ ಅಂದ್ರೆ ಎದುರಿನೋರ ಗೆರೆ ದಾಟಿ ಚೆಂಡು ಒಯ್ಯೋದು, ಅದಕ್ಕೆ ಆರು ಪಾಯಿಂಟು, ಅದರ ಹಿಂದೇನೇ ಒಂದು ಕಿಕ್ ಹೊಡ್ಯೋ ಅವಕಾಶ, ಅದು ಸರಿ ಹೋದ್ರೆ ಇನ್ನೊಂದು. ಎರಡು ಸಲಾನೂ ಆ ಒಂದು ಬರ್ಲಿಲ್ಲ. ಆಗ ಯಾರಿಗೂ ಅದು ದೊಡ್ಡದು ಅನ್ನಿಸಿರಲ್ಲ ಬಿಡಿ, ಹನ್ನೆರಡಿತ್ತಲ್ಲ. ಆಮೇಲೆ ಕೊನೇ ಭಾಗದಲ್ಲಿ ನೋಟರ್ ಡೇಮ್‌ನೋರು ಒಂದು ಟಚ್‌ಡೌನ್ ಮಾಡಿ ಕಿಕ್ಕೂ ಸರಿಯಾಗಿ ಹೊಡೆದು 12–7 ಮಾಡಿದ್ರು. ಆಮೇಲೆ ಆರ್ಮಿಯೋರು ತಮ್ಮ ಗೆರೆ ಹತ್ರದಿಂದಲೇ ಚೆಂಡು ಒದ್ದು ದೂರ ಕಳಿಸೋಣ ಅಂತ ಹೋದಾಗ ವೇನ್ ಮಿಲ್ನರ್ ಅನ್ನೋನು ನುಗ್ಗಿ ಬಂದು ಅದನ್ನ ಅಡ್ಡಗಟ್ಟಿ, ಗೆರೆ ದಾಟಿ ಬಿದ್ದ ಚೆಂಡಿನ ಮೇಲೆ ತಾನೂ ಬಿದ್ದ. 13–12.

ಒಂದು ಪಾಯಿಂಟು. ಆ ಎರಡು ಕಿಕ್‌ನಲ್ಲಿ ಎರಡೂ ಹೋಗಿದ್ರೆ ಗೆಲುವು, ಒಂದು ಹೋಗಿದ್ರೂ ಸಮ. ಅದಾದ್ಮೇಲೆ ಇನ್ನೂ ನಾಲ್ಕು ವರ್ಷ ಕೋಚ್ ಆಗಿದ್ರು, 1934ರಲ್ಲಿ ಮೂರು ಸೋಲು, 1936ರಲ್ಲಿ ಮೂರು ಸೋಲು, ಪೂರ್ತಿ ಸೋಲಿಲ್ಲದ ವರ್ಷ ಅವರ ಪಾಲಿಗೆ ಬರ್ಲೇ ಇಲ್ಲ. ನೀವು "ಅಲ್ಪ ಅಂತರ" ಅಂತ ಬರೆದು ಮುಂದೆ ಹೋಗಿದೀರಿ. ಅಂಕಿ ಬರೆಯಕ್ಕೆ ಏನಾಗಿತ್ತು? 13–12 ಅಂತ ಬರೆದಿದ್ರೆ ಆ ಎರಡು ಅಂಕಿನೇ ಅರ್ಧ ಕಥೆ ಹೇಳ್ತಿತ್ತು.

ಈಗ ಬೇತಾಳ. ಅವತ್ತು ಆ 29ರ ಕೋಚ್‌ನ ಸಹಾಯಕರಲ್ಲಿ ಒಬ್ಬರು ರೆಡ್ ಬ್ಲೇಕ್. ವಯಸ್ಸಲ್ಲಿ ಡೇವಿಡ್ಸನ್‌ಗಿಂತ ಏಳು ವರ್ಷ ದೊಡ್ಡೋರು, ಅದೇ ಕಾಲೇಜಿನ ಹಳೇ ವಿದ್ಯಾರ್ಥಿ, ಅಲ್ಲೇ ಆಡಿದೋರು, ಆದ್ರೆ ಸೈನ್ಯ ಬಿಟ್ಟು ಹೊರಗ್ ಬಂದಿದ್ರಿಂದ ರೂಲ್ ಪ್ರಕಾರ ಹೆಡ್ ಕೋಚ್ ಆಗೋ ಹಾಗಿರ್ಲಿಲ್ಲ. ಮರುವರ್ಷ ಅವರು ಡಾರ್ಟ್‌ಮತ್ ಕಾಲೇಜಿಗೆ ಹೆಡ್ ಕೋಚ್ ಆಗಿ ಹೋದ್ರು. 1941ರಲ್ಲಿ ಆ ಕಟ್ಟಳೆನ ಸಡಿಲ ಮಾಡಿ ಅವರನ್ನೇ ವಾಪಸ್ ಕರ್ಕೊಂಡ್ ಬಂದ್ರು, ಆಮೇಲೆ ಆಗಿದ್ದು ಇತಿಹಾಸ. (ನಾನೂ ಬರೆದ್ಬಿಟ್ಟೆ ನೋಡಿ, "ಆಮೇಲೆ ಆಗಿದ್ದು ಇತಿಹಾಸ"! ಇರ್ಲಿ, ತೆಗೀದೇ ಬಿಡ್ತೀನಿ, ನಿಮಗೆ ಸಮಾಧಾನ ಆಗ್ಲಿ.) 1944, 45ರಲ್ಲಿ ದೇಶಕ್ಕೇ ಚಾಂಪಿಯನ್ ಟೀಮು, ಮೂರು ಜನ ಹುಡುಗರಿಗೆ ಹೈಸ್ಮನ್ ಟ್ರೋಫಿ, ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡೋದು.

1956ರಲ್ಲಿ ಡೇವಿಡ್ಸನ್ ಸೂಪರಿಂಟೆಂಡೆಂಟ್, ಅಂದ್ರೆ ಕಾಲೇಜಿನ ಮುಖ್ಯಸ್ಥ ಆಗಿ ಬರ್ತಾರೆ. ಬಂದು ನೋಡಿದ್ರೆ ಕೋಚ್ ಕುರ್ಚಿಲಿ ಬ್ಲೇಕ್. ಅಂದು ತನ್ನ ಸಹಾಯಕ, ಈಗ್ಲೂ ಲೆಕ್ಕಕ್ಕೆ ತನ್ನ ಕೈಕೆಳಗೇ, ಆದ್ರೆ ಈ ನಡುವೆ ಆತ ಡೇವಿಡ್ಸನ್‌ಗೆ ಕೈಗೆ ಎಟುಕದ್ದನ್ನೆಲ್ಲ ಗೆದ್ದು, ಇಡೀ ಕ್ರೀಡಾ ವಿಭಾಗವನ್ನೂ ಕೈಲಿಟ್ಕೊಂಡು ಕೂತಿದಾರೆ. ಅದೇ ಮೈದಾನ ಸ್ವಾಮಿ. ಅದೇ ಗೆರೆಗಳು. 1958ರಲ್ಲಿ ಬ್ಲೇಕ್‌ರ ಕೊನೇ ಟೀಮು, ಎಂಟು ಗೆಲುವು, ಪಿಟ್ಸ್‌ಬರ್ಗ್ ಮೇಲೆ 14–14ರ ಒಂದು ಸಮ, ಸೋಲು ಇಲ್ಲ. ಪೀಟ್ ಡಾಕಿನ್ಸ್ ಕ್ಯಾಪ್ಟನ್. ಬಿಲ್ ಕಾರ್ಪೆಂಟರ್ ಅನ್ನೋನು ಎಂಡ್ ಜಾಗದಲ್ಲಿ ಆಡ್ತಿದ್ದ, ಎಲ್ಲರೂ ಗುಂಪಾಗಿ ತಲೆ ಸೇರಿಸಿ ಮಾತಾಡೋವಾಗ ಅವನೊಬ್ಬ ಮಾತ್ರ ದೂರದಲ್ಲಿ ಒಂಟಿಯಾಗಿ ನಿಂತಿರ್ತಿದ್ದ, ಗುಂಪಿಗೆ ಬರ್ತಾನೇ ಇರ್ಲಿಲ್ಲ, ಅವನಿಗೆ ಮುಂದಿನ ಆಟ ಹೇಗೆ ಗೊತ್ತಾಗುತ್ತೆ ಅಂತ ಎದುರಿನೋರೆಲ್ಲ ತಲೆ ಕೆರ್ಕೊಂಡ್ರು. ಆಟ ನಡೆಸೋ ಕ್ವಾರ್ಟರ್‌ಬ್ಯಾಕ್ ಕಾಲು ಹೇಗಿಡ್ತಾನೆ ಅನ್ನೋದ್ರಲ್ಲಿ ಸನ್ನೆ ಇತ್ತಂತೆ. ಎಂಡ್! ಡೇವಿಡ್ಸನ್ ಹುಡುಗನಾಗಿದ್ದಾಗ ಆಡಿದ್ದೂ ಅದೇ ಜಾಗ. ಕಾಲೇಜಿನ ಮುಖ್ಯಸ್ಥ ಆಗಿ ಮೇಲೆ ಕೂತು ಅದನ್ನ ನೋಡೋವಾಗ ಆ ಮನುಷ್ಯನ ಹೊಟ್ಟೇಲಿ ಏನಾಗ್ತಿತ್ತು?

ಅದು ನನಗೂ ಗೊತ್ತಿಲ್ಲ, ನೀವೂ ಊಹಿಸಿ ಬರೆಯೋದು ಬೇಡ. "ಡೇವಿಡ್ಸನ್ ಕಣ್ಣಂಚಲ್ಲಿ ನೀರು ಜಿನುಗಿತು" ಅಂತೇನಾದ್ರೂ ಬರೆದ್ರೆ ನಾನು ಫೋನ್ ಮಾಡಿ ಬೈತೀನಿ. ಬರೀ ಎರಡೂ ಇಸವಿನ ಪಕ್ಕಪಕ್ಕ ಇಡಿ, ಯಾರು ಎಲ್ಲಿ ಕೂತಿದ್ರು ಅಂತ ಹೇಳಿ, ಸಾಕು. ನೀವು ಬ್ಲೇಕ್‌ಗೆ ಕೊಟ್ಟಿರೋದು ಇಷ್ಟು: "ಖ್ಯಾತ ತರಬೇತುದಾರ ರೆಡ್ ಬ್ಲೇಕ್ ಅವರೊಂದಿಗೆ ಕೆಲವು ವಿಷಯಗಳಲ್ಲಿ ಭಿನ್ನಾಭಿಪ್ರಾಯವಿತ್ತು". ಹತ್ತು ಪದದೊಳಗೆ ಮುಗಿಸಿದೀರಿ, ಆಮೇಲೆ ಅವರು ಪಡೆದ ಪದಕಗಳ ಪಟ್ಟಿಗೆ ಒಂದೂವರೆ ಪುಟ.

ಇಷ್ಟೆಲ್ಲ ಯಾಕೆ ಕೂಗಾಡ್ತಿದಾನೆ ಈ ಮುದುಕ ಅಂದ್ಕೋಬೇಡಿ, ಇದು ನನ್ ಹಳೇ ಗಾಯ.

1986, ನಾನು ಮೈಸೂರಲ್ಲಿ ಒಂದು ದಿನಪತ್ರಿಕೇಲಿ ಟ್ರೈನಿ. ಸಂಬಳ ಅಂತ ಕೊಡ್ತಿದ್ದಿದ್ದು ಬಾಡಿಗೆ ಸೈಕಲ್ಲಿಗೂ ಮೆಸ್ಸಿಗೂ ಸರಿ ಹೋಗ್ತಿತ್ತು. ಕ್ರೀಡಾ ಪುಟ ನೋಡ್ತಿದ್ದೋರು ಒಬ್ಬರು ಹಿರಿಯರು, ಬಾಯ್ ತುಂಬಾ ಎಲೆಅಡಿಕೆ, ಮಾತಾಡೋದೇ ಕಮ್ಮಿ, ಮಾತಾಡಿದ್ರೆ ಕಾಪಿ ಮೇಲೆ ಕೆಂಪು ಚುಕ್ಕಿ ಬೀಳ್ತಿತ್ತು, ಶಾಯಿದೋ ಅಡಿಕೆದೋ ಗೊತ್ತಾಗ್ತಿರ್ಲಿಲ್ಲ. ಒಂದು ಕಾಲೇಜಿನ ದೈಹಿಕ ಶಿಕ್ಷಣದ ಮೇಷ್ಟ್ರು ರಿಟೈರ್ ಆಗ್ತಿದಾರೆ, ಒಂದು ಕಾಲಂ ಬರ್ಕೊಂಡ್ ಬಾ ಅಂದ್ರು. ಅವರೂ ಹುಡುಗರಾಗಿದ್ದಾಗ ಯೂನಿವರ್ಸಿಟಿಗೆ 1500 ಮೀಟರ್ ಓಡಿದೋರು, ಎನ್‌ಸಿಸಿನೂ ನೋಡ್ಕೋತಿದ್ರು, ಖಾಕಿ ಚಡ್ಡಿ, ಕತ್ತಲ್ಲಿ ಸೀಟಿ. ನಾನು ಹೋದೆ, ಸನ್ಮಾನ ಸಮಿತಿಯೋರು ಕೊಟ್ಟ ಕಾಗದ ನೋಡ್ಕೊಂಡು ಬರೆದೆ. "ಕ್ರೀಡಾಲೋಕದ ಧ್ರುವತಾರೆ" ಅಂತ ಹೆಡ್ಡಿಂಗು. ಬಾಲ್ಯದಿಂದ ಅಪಾರ ಆಸಕ್ತಿ ಇತ್ತು, ಹಿಂತಿರುಗಿ ನೋಡಿರ್ಲಿಲ್ಲ, ಶಿಸ್ತಿನ ಸಿಪಾಯಿನೂ ಆಗಿದ್ರು. ನಿಮ್ಮ ಎರಡನೇ ಪ್ಯಾರಾ ಓದ್ದಾಗ ನನ್ ಅಕ್ಷರಾನೇ ನೋಡಿದ ಹಾಗಾಯ್ತು, ಸಿಟ್ಟಿಗೆ ಅದೂ ಒಂದ್ ಕಾರಣ ಇರ್ಬಹುದು.

ಹಿರಿಯರು ಓದಿದ್ರು. ಎದ್ದು ಹೋಗಿ ಕಿಟಕಿಯಾಚೆ ಉಗುಳಿ ಬಂದ್ರು. "ಈ ಮನುಷ್ಯ ಯಾವತ್ತೂ ಸೋತಿಲ್ವೇನೋ?" ಅಂದ್ರು. ಗೊತ್ತಿಲ್ಲ ಸಾರ್ ಅಂದೆ. "ಹೋಗಿ ಕೇಳ್ಕೊಂಡ್ ಬಾ."

ಸೈಕಲ್ ತುಳ್ಕೊಂಡು ವಾಪಸ್ ಹೋದೆ. ಸಂಜೆ ಐದೂವರೆ, ಮೇಷ್ಟ್ರು ಗ್ರೌಂಡಲ್ಲೇ ಇದ್ರು. ನಾಚ್ಕೊಂಡು ಕೇಳ್ದೆ, ಸಾರ್ ನೀವು ಸೋತಿದ್ ಯಾವ್ದಾದ್ರೂ ರೇಸ್ ನೆನಪಿದ್ಯಾ ಅಂತ. ಅವರು ನನ್ನ ಮುಖ ನೋಡಿದ್ರು, ಏನೂ ಹೇಳ್ದೆ ಟ್ರ್ಯಾಕ್ ಮೇಲೆ ನಡೆಯಕ್ ಶುರು ಮಾಡಿದ್ರು, ನಾನೂ ಹಿಂದೆ ಹಿಂದೆ. ಕೊನೇ ತಿರುವಿನ ಹತ್ರ ನಿಂತ್ರು. "ಇಲ್ಲಿ ಹಿಂದೆ ತಿರುಗ್ ನೋಡ್ಬಿಟ್ಟೆ ಕಣಪ್ಪ, ಯಾರ್ ಬರ್ತಿದಾರೆ ಅಂತ" ಅಂದ್ರು. ಅಷ್ಟೇ. ಪಕ್ಕದಲ್ಲಿ ವಾರ್ಮಪ್ ಮಾಡ್ತಿದ್ದ ಹುಡುಗ ಒಬ್ಬ ನನಗೆ ಆಮೇಲೆ ಹೇಳ್ದ, ಸಾರ್ ಯಾವತ್ತೂ ಫಿನಿಶಿಂಗ್ ಲೈನಲ್ಲಿ ನಿಲ್ಲಲ್ಲ, ಯಾವ್ ರೇಸ್ ಇದ್ರೂ ಈ ತಿರುವಲ್ಲೇ ನಿಂತು ಸೀಟಿ ಊದ್ತಾ ಇರ್ತಾರೆ ಅಂತ.

ಗಮನಿಸಿ, ಹಿಂತಿರುಗಿ ನೋಡಲೇ ಇಲ್ಲ ಅಂತ ನಾನು ಬರೆದಿದ್ದು ಇವರ ಬಗ್ಗೆ.

ರಾತ್ರಿ ಮತ್ತೆ ಬರೆದೆ. ಆ ತಿರುವನ್ನ ಕೊನೇ ಪ್ಯಾರಾದಲ್ಲಿಟ್ಟೆ, ಧ್ರುವತಾರೆ ತೆಗೆದೆ. ಹಿರಿಯರು ಓದಿ ಏನೂ ಅನ್ಲಿಲ್ಲ, ಪ್ರೆಸ್ಸಿಗೆ ಕಳಿಸಿದ್ರು, ಅದೇ ಅವರ ಶಹಬ್ಬಾಸ್. ಬೆಳಿಗ್ಗೆ ಆರಕ್ಕೆ ಬಸ್ ಸ್ಟ್ಯಾಂಡಿಗೆ ಹೋಗಿ ಪೇಪರ್ ಬಿಡಿಸಿದ್ರೆ ಕೊನೇ ಪ್ಯಾರಾನೇ ಇಲ್ಲ! ರಾತ್ರಿ ಹನ್ನೊಂದಕ್ಕೆ ಜವಳಿ ಅಂಗಡಿಯೋರ ದೀಪಾವಳಿ ಜಾಹೀರಾತು ಬಂತಂತೆ, ಜಾಗ ಸಾಲ್ದೆ ಕೆಳಗಿಂದ ಕತ್ತರಿಸಿದಾರೆ. ಸನ್ಮಾನ ಸಮಿತಿಯೋರ ಇಸವಿಗಳೆಲ್ಲ ಉಳ್ಕೊಂಡಿದ್ವು, ತಿರುವು ಹೋಯ್ತು. ಅವತ್ತಿಂದ ನನಗೆ ಒಂದು ಚಟ, ಮುಖ್ಯವಾದ್ದನ್ನ ಎಂದೂ ಕೊನೇಲಿ ಇಡಲ್ಲ, ಮೂರ್ನೇ ಪ್ಯಾರಾ ಒಳಗೆ ತುರುಕಿಬಿಡ್ತೀನಿ. ಈಗ ಆನ್‌ಲೈನಲ್ಲಿ ಯಾರೂ ಕೆಳಗಿಂದ ಕತ್ತರಿಸಲ್ಲ, ಓದೋರೇ ಮಧ್ಯದಲ್ಲಿ ಬಿಟ್ಟು ಹೋಗ್ತಾರೆ, ಫಲಿತಾಂಶ ಒಂದೇ.

ಅದಕ್ಕೇ ಹೇಳ್ತೀನಿ, ಮತ್ತೆ ಬರೀರಿ. ಯಾಂಕೀ ಸ್ಟೇಡಿಯಂನಿಂದ ಶುರು ಮಾಡಿ. ಹುಟ್ಟಿದ್ದು ಓದಿದ್ದು ಆಮೇಲೆ ಎಲ್ಲಾದ್ರೂ ಬರ್ಲಿ, ಬರ್ದೇ ಇದ್ರೂ ನಡೆಯುತ್ತೆ. ಪದಕದ ಪಟ್ಟಿ ಪೂರ್ತಿ ತೆಗೀರಿ. ಕೊರಿಯಾದ ಭಾಗ ನಾನು ಮುಟ್ಟಿಲ್ಲ, ಪೂಸಾನ್ ಹತ್ರ ಅವರು ಗುರುತು ಮಾಡಿದ ಡೇವಿಡ್ಸನ್ ಲೈನು ಅನ್ನೋ ರಕ್ಷಣಾ ಗೆರೆ, ಸೈನ್ಯ ಅಷ್ಟು ಹಿಂದಕ್ಕೆ ಸರೀಬೇಕಾಗಿ ಬರ್ಲೇ ಇಲ್ಲ ಅನ್ನೋದು, ಅದು ಇನ್ನೊಂದು ಲೇಖನಕ್ಕೇ ಆಗುತ್ತೆ, ಇದರಲ್ಲಿ ತುರುಕ್ಬೇಡಿ. ಸೂಪರಿಂಟೆಂಡೆಂಟ್ ಅನ್ನೋದಕ್ಕೆ ಮೊದಲ್ನೇ ಸಲ ಬಂದಾಗಲೇ "ಕಾಲೇಜಿನ ಮುಖ್ಯಸ್ಥ" ಅಂತ ಹೇಳ್ಬಿಡಿ, ನಮ್ಮ ಕಡೆ ಸೂಪರಿಂಟೆಂಡೆಂಟ್ ಅಂದ್ರೆ ಜೈಲು ನೆನಪಾಗುತ್ತೆ, ಇಲ್ಲಾಂದ್ರೆ ಪರೀಕ್ಷಾ ಹಾಲು. "ರಣಾಂಗಣ" ಅಂತ ಪ್ರಾಸದ ಹೆಡ್ಡಿಂಗ್ ಬೇಡ, ನಾನೇ ಇಡ್ತೀನಿ. ಡೇವಿಡ್ಸನ್ ವಯಸ್ಸಾದ್ಮೇಲೆ ಮೊಮ್ಮಕ್ಕಳಿಗೆ ಕಥೆ ಹೇಳೋ ಥರ ತಮ್ಮ ನೆನಪುಗಳನ್ನ ಬರೆದಿದಾರಂತೆ. ನೀವು ಅಲ್ಲೇ ಇದ್ದೀರಿ, ಯಾವ್ದಾದ್ರೂ ಲೈಬ್ರರೀಲಿ ಸಿಗುತ್ತಾ ನೋಡಿ. ಸಿಕ್ಕಿದ್ರೆ ಮೊದಲು 1933 ತೆಗೀರಿ, ಆ ಎರಡು ಕಿಕ್ ಬಗ್ಗೆ ತಾತ ಏನಂದಿದಾರೆ ನನಗೂ ಒಂದು ಮೆಸೇಜ್ ಹಾಕಿ.

ಇನ್ನೊಂದು. ಲೇಖನದ ಜೊತೆ "ಡೇವಿಡ್ಸನ್ ಅವರ ಭವ್ಯ ಪ್ರತಿಮೆ" ಅಂತ ಫೋಟೋ ಕಳಿಸಿದೀರಲ್ಲ, ಕೈಲಿ ಬೈನಾಕ್ಯುಲರ್ ಹಿಡ್ಕೊಂಡು ನಿಂತಿರೋದು. ಅದು ಪ್ಯಾಟನ್.